‘ಜರ್ಮನಿಯಲ್ಲಿ ಓದು ಫ್ರೀ ಅಂತಾರೆ, ಹಾಗಾದ್ರೆ ತೋಟ ಯಾಕೆ ಮಾರಬೇಕು?’

ಓದುಗರ ಪ್ರಶ್ನೆ

ನಾವು ತಿಪಟೂರು ಹತ್ತಿರದ ಹಳ್ಳಿಯವರು. ನಾಲ್ಕು ಎಕರೆ ತೆಂಗಿನ ತೋಟ ಇದೆ. ಮಗಳು ವಿಟಿಯು ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದಾಳೆ. ಸಿಜಿಪಿಎ 7.6. ಒಂದೂವರೆ ವರ್ಷದಿಂದ ಪೀಣ್ಯದ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ತಿಂಗಳಿಗೆ 22 ಸಾವಿರ ಸಂಬಳ. ಈಗ ಜರ್ಮನಿಗೆ ಹೋಗಿ ಎಂ.ಎಸ್. ಮಾಡುತ್ತೇನೆ ಅನ್ನುತ್ತಿದ್ದಾಳೆ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಜರ್ಮನಿಯಲ್ಲಿ ಓದು ಫ್ರೀ, ಆದರೆ ಇವಳ ಮಾರ್ಕ್ಸಿಗೆ ಸರ್ಕಾರಿ ಯೂನಿವರ್ಸಿಟಿ ಸಿಗಲ್ಲ, ಬರ್ಲಿನ್ನಿನ ಖಾಸಗಿ ಯೂನಿವರ್ಸಿಟಿಯಲ್ಲಿ ಸೀಟು ಗ್ಯಾರಂಟಿ ಅಂದರು. ವರ್ಷಕ್ಕೆ 12,000 ಯೂರೋ ಫೀಸು, ಈ ತಿಂಗಳೊಳಗೆ ಸೇರಿದರೆ ಶೇಕಡ 30 ಸ್ಕಾಲರ್‌ಶಿಪ್ ಅಂತೆ. ಅವರ ಪ್ಯಾಕೇಜು 1.75 ಲಕ್ಷ, ಸೀಟು ಹಿಡಿದಿಡಲು ಈಗಲೇ 50 ಸಾವಿರ ಕಟ್ಟಬೇಕಂತೆ. ಜರ್ಮನ್ ಭಾಷೆ ಬೇಕಿಲ್ಲ, ಪಾರ್ಟ್ ಟೈಮ್ ಕೆಲಸದಲ್ಲೇ ಸಾಲ ತೀರುತ್ತೆ ಅಂತಲೂ ಹೇಳಿದರು. ದುಡ್ಡಿಗೆ ಒಂದೂವರೆ ಎಕರೆ ಮಾರುವ ಯೋಚನೆ ಇದೆ. ಫ್ರೀ ಅಂದಮೇಲೆ ತೋಟ ಯಾಕೆ ಮಾರಬೇಕು ಅಂತ ನನ್ನ ಹೆಂಡತಿ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ

ನಿಮ್ಮ ಮನೆಯವರು ಕೇಳಿದ್ದು ಸರಿಯಾದ ಪ್ರಶ್ನೆ. ಕನ್ಸಲ್ಟೆನ್ಸಿಯಲ್ಲಿ ಕೂತಿದ್ದಾಗಲೇ ಯಾರಾದರೂ ಅದನ್ನು ಕೇಳಿದ್ದರೆ ಮಾತು ಅಲ್ಲೇ ಮುಗಿಯುತ್ತಿತ್ತು. ನಿಮಗೆ ಹೇಳಿದ ‘ಫ್ರೀ’ ಮತ್ತು ನಿಮಗೆ ಮಾರುತ್ತಿರುವ ಸೀಟು, ಇವೆರಡೂ ಬೇರೆ ಬೇರೆ. ಫ್ರೀ ಇರುವುದು ಸರ್ಕಾರಿ ಯೂನಿವರ್ಸಿಟಿಗಳಲ್ಲಿ. ನಿಮಗೆ ತೋರಿಸಿದ್ದು ಖಾಸಗಿಯದ್ದು. ಮಾತು ಶುರುವಾಗಿದ್ದು ಒಂದರಿಂದ, ರಸೀದಿ ಹರಿಯಲು ಹೊರಟಿರುವುದು ಇನ್ನೊಂದಕ್ಕೆ.

ಮೊದಲು ಆ ‘ಫ್ರೀ’ ವಿಷಯ ನೋಡೋಣ. ಜರ್ಮನಿಯ ಹೆಚ್ಚಿನ ರಾಜ್ಯಗಳ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ. ವಿದೇಶಿಯರಿಗೂ ಇಲ್ಲ. ಇದು ನಿಜ. ಸೆಮಿಸ್ಟರಿಗೊಮ್ಮೆ ಒಂದು ವಂತಿಗೆ ಕಟ್ಟಬೇಕು. ಊರಿನ ಮೇಲೆ ಅದು ಸುಮಾರು 100ರಿಂದ 350 ಯೂರೋ ಇರುತ್ತದೆ, ಹೆಚ್ಚಿನ ಕಡೆ ಬಸ್ಸು-ರೈಲಿನ ಪಾಸೂ ಅದರಲ್ಲೇ ಸೇರಿರುತ್ತದೆ. ಆದರೆ ಎಲ್ಲ ಕಡೆಯೂ ಹೀಗಿಲ್ಲ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ 2017ರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಶುಲ್ಕ ಶುರು ಮಾಡಿತು. ಅಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೋ. ‘ಜರ್ಮನಿ ಪೂರ್ತಿ ಫ್ರೀ’ ಎಂದು ಬೋರ್ಡು ಹಾಕಿಕೊಂಡವರು ಇದನ್ನು ಹೇಳುವುದಿಲ್ಲ.

ಫೀಸು ಇಲ್ಲದಿದ್ದರೂ ಊಟ, ಬಾಡಿಗೆ, ವಿಮೆ ಇದ್ದೇ ಇವೆ ಅಲ್ವಾ. ಅದಕ್ಕೇ ವೀಸಾ ಕೊಡುವ ಮೊದಲು ಜರ್ಮನಿ ಒಂದು ಬ್ಲಾಕ್ಡ್ ಅಕೌಂಟ್ ಕೇಳುತ್ತದೆ. 2024ರ ಸೆಪ್ಟೆಂಬರಿನಿಂದ ಅದರ ಮೊತ್ತ 11,904 ಯೂರೋ. ಒಂದು ಯೂರೋಗೆ 100 ರೂಪಾಯಿ ಎಂದು ಲೆಕ್ಕ ಹಿಡಿದರೂ (ನಿಜವಾದ ದರ ಅದಕ್ಕಿಂತ ಜಾಸ್ತಿಯೇ ಇದೆ) ಸುಮಾರು 12 ಲಕ್ಷ. ಇದು ಫೀಸಲ್ಲ, ನಿಮ್ಮ ಮಗಳದ್ದೇ ದುಡ್ಡು. ಅಲ್ಲಿಗೆ ಹೋದಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಗೆ ಬರುತ್ತದೆ. ಈ ಮೊತ್ತ ಆಗಾಗ ಏರುತ್ತಲೇ ಇದೆ. 2021ರಲ್ಲಿ 10,332 ಇತ್ತು, 2023ರಲ್ಲಿ 11,208 ಆಯಿತು. ಇನ್ನೊಂದು ವಿಷಯ. ಇದು ಒಂದು ವರ್ಷದ ಲೆಕ್ಕ. ವಾಸದ ಪರವಾನಗಿ ಮುಂದುವರಿಸುವಾಗ ಮುಂದಿನ ಖರ್ಚಿಗೂ ದಾರಿ ಇದೆ ಎಂದು ಮತ್ತೆ ತೋರಿಸಬೇಕು. ಮೊದಲ ವರ್ಷದ ದುಡ್ಡು ಹೊಂದಿಸಿದರೆ ಆಯಿತು ಅಂದುಕೊಂಡು ಹೋದವರು ಎರಡನೇ ವರ್ಷ ಊರಿಗೆ ಫೋನು ಮಾಡಿ ಅಳುವುದನ್ನು ನಾನು ಕೇಳಿದ್ದೇನೆ.

7.6 ಸಾಲುತ್ತದೋ ಇಲ್ಲವೋ

‘ಇವಳ ಮಾರ್ಕ್ಸಿಗೆ ಸರ್ಕಾರಿ ಸೀಟು ಸಿಗಲ್ಲ’ ಅಂದರಲ್ಲ, ಅದನ್ನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದರಾ? ಇಲ್ಲ ಅನ್ನಿಸುತ್ತದೆ. ನಾವೇ ಹಾಕೋಣ.

ಜರ್ಮನಿಯಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರಿ ಪಾಸು. ನಮ್ಮ ಅಂಕವನ್ನು ಆ ಅಳತೆಗೆ ತರಲು ಬವೇರಿಯನ್ ಫಾರ್ಮುಲಾ ಅಂತ ಒಂದಿದೆ. ಗರಿಷ್ಠ ಅಂಕದಲ್ಲಿ ನಮ್ಮ ಅಂಕ ಕಳೆಯಬೇಕು. ಅದನ್ನು ಗರಿಷ್ಠ ಅಂಕಕ್ಕೂ ಪಾಸು ಅಂಕಕ್ಕೂ ಇರುವ ಅಂತರದಿಂದ ಭಾಗಿಸಬೇಕು. ಬಂದದ್ದನ್ನು 3ರಿಂದ ಗುಣಿಸಿ 1 ಕೂಡಿಸಬೇಕು. ಹತ್ತರಲ್ಲಿ 7.6, ಪಾಸು ಅಂಕ 4 ಎಂದು ಹಿಡಿದರೆ 2.2 ಬರುತ್ತದೆ. ಪಾಸು ಅಂಕ 5 ಎಂದು ಹಿಡಿದರೆ 2.44. ನೋಡಿ, ಪಾಸು ಅಂಕ ಎಷ್ಟು ಅನ್ನುವುದೊಂದರಿಂದಲೇ ಎಷ್ಟು ವ್ಯತ್ಯಾಸ! ಅದಕ್ಕೇ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಯೂನಿವರ್ಸಿಟಿಯ ಪಾಸು ಅಂಕ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ಬಹಳಷ್ಟು ಎಂಜಿನಿಯರಿಂಗ್ ಮಾಸ್ಟರ್ಸ್ ಕೋರ್ಸುಗಳು 2.5ರ ಒಳಗಿರಲಿ ಅನ್ನುತ್ತವೆ. ಎರಡೂ ಲೆಕ್ಕದಲ್ಲಿ ನಿಮ್ಮ ಮಗಳು ಆ ಗೆರೆಯ ಒಳಗಿದ್ದಾಳೆ.

ಹಾಗಂತ ಆಹೆನ್, ಮ್ಯೂನಿಕ್ ಸಿಕ್ಕೇಬಿಡುತ್ತದೆ ಎಂದಲ್ಲ. ಅಲ್ಲಿ ಪೈಪೋಟಿ ಬಹಳ. ಆದರೆ ಜರ್ಮನಿ ಅಂದರೆ ಆ ಎರಡೇ ಊರಲ್ಲ. ಕೆಮ್ನಿಟ್ಸ್, ಸೀಗೆನ್, ಮಾಗ್ಡೆಬುರ್ಗ್, ಡೂಯಿಸ್‌ಬುರ್ಗ್-ಎಸ್ಸೆನ್ ಇವೆಲ್ಲ ಸರ್ಕಾರಿ ಯೂನಿವರ್ಸಿಟಿಗಳೇ. ಕೆಮ್ನಿಟ್ಸ್‌ನಲ್ಲಿ ಅಡ್ವಾನ್ಸ್ಡ್ ಮ್ಯಾನುಫ್ಯಾಕ್ಚರಿಂಗ್, ಸೀಗೆನ್‌ನಲ್ಲಿ ಮೆಕಾಟ್ರಾನಿಕ್ಸ್‌ನಂಥ ಕೋರ್ಸುಗಳನ್ನು ಇಂಗ್ಲಿಷಿನಲ್ಲೇ ಕಲಿಸುತ್ತಾರೆ. ಇವಲ್ಲದೆ ‘ಹೋಖ್‌ಶೂಲೆ’ ಎಂಬ ಇನ್ನೊಂದು ಬಗೆಯ ಸಂಸ್ಥೆಗಳಿವೆ. ಹೆಸರಿನಲ್ಲಿ ಶೂಲೆ ಇದೆ ಎಂದು ಶಾಲೆ ಅಂದುಕೊಳ್ಳಬೇಡಿ. ಕೈಗಾರಿಕೆಗೆ ಹತ್ತಿರ ಇರುವ, ಪ್ರಾಜೆಕ್ಟು ಜಾಸ್ತಿ ಇರುವ ಎಂಜಿನಿಯರಿಂಗ್ ಕಾಲೇಜುಗಳು ಅವು. ಪೀಣ್ಯದಲ್ಲಿ ಒಂದೂವರೆ ವರ್ಷ ಕ್ವಾಲಿಟಿ ವಿಭಾಗದಲ್ಲಿ ದುಡಿದ ಹುಡುಗಿಗೆ ಅಲ್ಲಿ ಬೆಲೆ ಇದೆ. ಆ ಅನುಭವ ಪತ್ರವನ್ನು ಚೆನ್ನಾಗಿ ಬರೆಸಿಕೊಳ್ಳಲಿ. ‘ಒಳ್ಳೆಯ ನಡತೆ, ಶುಭವಾಗಲಿ’ ಅನ್ನುವ ಎರಡು ಸಾಲು ಸಾಲದು. ಯಾವ ಯಂತ್ರ, ಯಾವ ಅಳತೆ, ಯಾವ ಬಗೆಯ ದೋಷ ಪತ್ತೆ ಎಂದು ವಿವರವಾಗಿ ಇರಬೇಕು.

ನಮ್ಮ ಕಡೆಯವರು ಮರೆಯುವ ಸಂಗತಿ ಇನ್ನೊಂದಿದೆ. ಅಲ್ಲಿ ಸೀಟು ತಪ್ಪುವುದು ಎಷ್ಟೋ ಸಲ ಅಂಕದಿಂದಲ್ಲ, ವಿಷಯ ಹೊಂದದೆ. ಗಣಿತದಲ್ಲಿ ಇಷ್ಟು ಕ್ರೆಡಿಟ್, ಮೆಕ್ಯಾನಿಕ್ಸ್‌ನಲ್ಲಿ ಇಷ್ಟು, ಥರ್ಮೊಡೈನಮಿಕ್ಸ್‌ನಲ್ಲಿ ಇಷ್ಟು ಎಂದು ಪ್ರತಿ ಕೋರ್ಸೂ ನಿಯಮ ಹಾಕಿರುತ್ತದೆ. 8.8 ಇದ್ದವನಿಗೆ ಬರಲಿಲ್ಲ, 7.2 ಇದ್ದವಳಿಗೆ ಬಂತು ಅಂತ ಜನ ಆಶ್ಚರ್ಯಪಡುತ್ತಾರಲ್ಲ, ಕಾರಣ ಇದು. ನಿಮ್ಮ ಮಗಳು ತನ್ನ ಎಂಟೂ ಸೆಮಿಸ್ಟರಿನ ಸಿಲಬಸ್ ಪ್ರತಿಯನ್ನು ಹುಡುಕಿ ಇಟ್ಟುಕೊಳ್ಳಲಿ. ಒಂದೊಂದು ಕೋರ್ಸಿನ ನಿಯಮದ ಎದುರಿಗೂ ತನ್ನ ವಿಷಯಗಳನ್ನು ಜೋಡಿಸಿ ನೋಡಲಿ. ಒಂದು ಭಾನುವಾರದ ಕೆಲಸ ಅಷ್ಟೆ. ಇದೇ ಕೆಲಸಕ್ಕೆ ‘ಪ್ರೊಫೈಲ್ ಇವ್ಯಾಲ್ಯುಯೇಷನ್’ ಎಂದು ಹೆಸರಿಟ್ಟು ದುಡ್ಡು ಕೇಳುತ್ತಾರೆ.

ಸೀಟಿನ ಮಿತಿಯೇ ಇಲ್ಲದ ಕೋರ್ಸುಗಳೂ ಇವೆ. ಅಲ್ಲಿ ನಿಯಮಕ್ಕೆ ಹೊಂದಿದವರಿಗೆಲ್ಲ ಪ್ರವೇಶ ಸಿಗುತ್ತದೆ. ಅರ್ಜಿ ಹಾಕುವ ಏಳೆಂಟು ಕೋರ್ಸುಗಳಲ್ಲಿ ಎರಡು ಮೂರಾದರೂ ಇಂಥವು ಇರಲಿ.

ದಲ್ಲಾಳಿ ಯಾರ ಕಡೆಯವನು?

ಹಾಗಾದರೆ ಕನ್ಸಲ್ಟೆನ್ಸಿಯವರು ಸುಳ್ಳು ಯಾಕೆ ಹೇಳಿದರು? ಸುಳ್ಳು ಎಂದೇ ನಾನು ಹೇಳುವುದಿಲ್ಲ. ಅವರಿಗೆ ಲಾಭ ಇರುವ ಕಡೆಗೆ ಕೈ ತೋರಿಸಿದರು. ಜರ್ಮನಿಯ ಸರ್ಕಾರಿ ಯೂನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಖಾಸಗಿಯವು ಹಲವು ಕೊಡುತ್ತವೆ, ನೀವು ಕಟ್ಟುವ ಫೀಸಿನಲ್ಲೇ ಒಂದು ಪಾಲು. ಮಂಡಿಗೆ ಕೊಬ್ಬರಿ ಹಾಕುವಾಗ ದಲ್ಲಾಳಿ ಯಾರ ಕಡೆಯವನು ಎಂದು ನೀವು ಮೊದಲು ನೋಡಿಕೊಳ್ಳುತ್ತೀರಿ. ಇಲ್ಲೂ ಅದನ್ನೇ ನೋಡಬೇಕು. ನಾನೂ ಇದೇ ಕಸುಬಿನಲ್ಲಿ ಹದಿನೈದು ವರ್ಷದಿಂದ ಇದ್ದೇನೆ. ಸಲಹೆಗೆ ದುಡ್ಡು ತೆಗೆದುಕೊಳ್ಳುವುದು ತಪ್ಪಲ್ಲ. ಎರಡೂ ಕಡೆಯಿಂದ ತೆಗೆದುಕೊಂಡು ಒಂದು ಕಡೆಯದನ್ನು ಮುಚ್ಚಿಡುವುದು ತಪ್ಪು.

‘ಈ ತಿಂಗಳೊಳಗೆ ಸೇರಿದರೆ ಶೇಕಡ 30’ ಅನ್ನುವ ಸ್ಕಾಲರ್‌ಶಿಪ್ ಕೂಡ ಹಾಗೆಯೇ. ಮಾರ್ಕ್ಸ್ ನೋಡದೆ, ಪರೀಕ್ಷೆ ಮಾಡದೆ, ತಾರೀಖು ನೋಡಿ ಕೊಡುವುದಕ್ಕೆ ನಮ್ಮ ಬಟ್ಟೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ ಅನ್ನುತ್ತಾರೆ.

ಖಾಸಗಿ ಯೂನಿವರ್ಸಿಟಿಗಳೆಲ್ಲ ಮೋಸ ಎಂದು ತಿಳಿಯಬೇಡಿ. ಒಳ್ಳೆಯವೂ ಇವೆ, ಮ್ಯಾನೇಜ್‌ಮೆಂಟಿನಂಥ ವಿಷಯಗಳಲ್ಲಿ ಹೆಸರಾದವೂ ಇವೆ. ಆದರೆ ನೋಡಿಯೇ ಸೇರಬೇಕು. ರಾಜ್ಯ ಸರ್ಕಾರದ ಮಾನ್ಯತೆ ಇದೆಯೇ ಎಂದು ನೋಡಿ. ಜರ್ಮನಿಯ ಕುಲಪತಿಗಳ ಒಕ್ಕೂಟ ನಡೆಸುವ ‘ಹೋಖ್‌ಶೂಲ್‌ಕೊಂಪಾಸ್’ ಪಟ್ಟಿಯಲ್ಲಿ ಮಾನ್ಯತೆ ಇರುವ ಸಂಸ್ಥೆಗಳೆಲ್ಲ ಸಿಗುತ್ತವೆ, ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ಪದವಿ ಕೊಡುವವರು ಯಾರು ಎಂದೂ ಕೇಳಿ. ಬರ್ಲಿನ್ನಿನಲ್ಲಿ ಕ್ಯಾಂಪಸ್ ಇಟ್ಟುಕೊಂಡು ಬೇರೆ ದೇಶದ ಯೂನಿವರ್ಸಿಟಿಯ ಪದವಿ ಕೊಡುವ ಸಂಸ್ಥೆಗಳಿವೆ. ಅದು ಜರ್ಮನ್ ಪದವಿ ಅಲ್ಲ. ಮತ್ತೆ, ತರಗತಿಗಳು ನಿಜವಾಗಿ ಕ್ಯಾಂಪಸ್ಸಿನಲ್ಲಿ ನಡೆಯುತ್ತವೆಯೋ, ಅರ್ಧ ಆನ್‌ಲೈನೋ? ವಿದ್ಯಾರ್ಥಿ ವೀಸಾ ಕೊಡುವುದು ಅಲ್ಲೇ ಇದ್ದು ಪೂರ್ಣಾವಧಿ ಓದುವುದಕ್ಕೆ. ಆನ್‌ಲೈನ್ ಪಾಲು ಜಾಸ್ತಿಯಾದರೆ ‘ಇದಕ್ಕೆ ನೀವು ಇಲ್ಲಿ ಇರಬೇಕಿಲ್ಲವಲ್ಲ’ ಎಂದು ವಲಸೆ ಕಚೇರಿ ಕೇಳಬಹುದು, ಕೇಳಿದ್ದೂ ಇದೆ. ದಾವಣಗೆರೆ ಕಡೆಯ ಹುಡುಗನೊಬ್ಬ ಒಂದು ವರ್ಷದ ಫೀಸು ಕಟ್ಟಿ, ಹೋಗಿ, ಈ ತೊಡಕಿಗೆ ಸಿಕ್ಕಿಕೊಂಡು ನನ್ನ ಹತ್ತಿರ ಬಂದಿದ್ದ. ಅಷ್ಟು ಹೊತ್ತಿಗೆ ನಾನು ಮಾಡಬಹುದಾದದ್ದು ಹೆಚ್ಚೇನೂ ಉಳಿದಿರಲಿಲ್ಲ.

ವೀಸಾ ಬರದಿದ್ದರೆ ಫೀಸು ವಾಪಸ್ ಎಷ್ಟು, ಎಷ್ಟು ದಿನದಲ್ಲಿ? ಇದನ್ನು ಬಾಯಲ್ಲಿ ಅಲ್ಲ, ಬರಹದಲ್ಲಿ ಪಡೆಯಿರಿ. ಮೊದಲು ವೀಸಾ ನಿರಾಕರಿಸಿದರೆ ದೂತಾವಾಸಕ್ಕೇ ಒಂದು ಮನವಿ ಬರೆದು ಮರುಪರಿಶೀಲನೆ ಕೇಳಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಆ ದಾರಿ ಮುಚ್ಚಿದೆ. ಈಗ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲವೇ ಬರ್ಲಿನ್ನಿನ ಕೋರ್ಟಿಗೆ ಹೋಗಬೇಕು.

ಪಾರ್ಟ್ ಟೈಮ್ ದುಡ್ಡಿನಲ್ಲಿ ಸಾಲ ತೀರುತ್ತದಾ?

ತೀರುವುದಿಲ್ಲ. ಲೆಕ್ಕ ನೋಡಿ.

ಜರ್ಮನಿಯಲ್ಲಿ ಕನಿಷ್ಠ ಕೂಲಿ 2026ರ ಜನವರಿಯಿಂದ ಗಂಟೆಗೆ 13.90 ಯೂರೋ. ವಿದೇಶಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2024ರ ಮಾರ್ಚಿಗೆ ಮೊದಲು ಇದು 120 ಮತ್ತು 240 ಇತ್ತು. ವಾರಕ್ಕೆ ಹತ್ತು ಗಂಟೆ ದುಡಿದರೆ ತಿಂಗಳಿಗೆ ಸುಮಾರು 600 ಯೂರೋ. ಸಣ್ಣ ಊರಿನಲ್ಲಿ ಹಂಚಿಕೊಂಡ ಮನೆಯ ಒಂದು ರೂಮಿಗೆ 300ರಿಂದ 400 ಯೂರೋ ಬಾಡಿಗೆ. ಆರೋಗ್ಯ ವಿಮೆಗೆ 140ರ ಆಸುಪಾಸು, ಇದು ಕಡ್ಡಾಯ. ಎರಡನ್ನೂ ಕಟ್ಟಿದರೆ ಉಳಿಯುವುದು ಅಕ್ಕಿ-ತರಕಾರಿಗೆ. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೂ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಅಂತ ಒಂದಿದೆ. ನಾನು ಅಲ್ಲಿದ್ದ ಕಾಲದಲ್ಲಿ ಅದರ ಪತ್ರ ಬಂದಾಗ ಯಾರೋ ಮೋಸಗಾರರು ಅಂದುಕೊಂಡು ಹರಿದು ಹಾಕಿದ್ದೆ. ಆಮೇಲೆ ದಂಡ ಸೇರಿಸಿ ಕಟ್ಟಿದೆ.

ಮ್ಯೂನಿಕ್, ಬರ್ಲಿನ್ ಆದರೆ ಈ ಬಾಡಿಗೆಗೆ ರೂಮು ಸಿಗುವುದು ಕಷ್ಟ. ಮುಂಗಡವಾಗಿ ಮೂರು ತಿಂಗಳ ಬಾಡಿಗೆಯವರೆಗೂ ಕೇಳುತ್ತಾರೆ.

ಮೊದಲ ಸೆಮಿಸ್ಟರಿನಲ್ಲಿ ಆ 600 ಯೂರೋ ಕೂಡ ಸಿಗುತ್ತದೆ ಎಂದು ನಂಬಬೇಡಿ. ಭಾಷೆ ಬಾರದವರಿಗೆ ಸಿಗುವುದು ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸುವುದು, ಹೋಟೆಲಿನಲ್ಲಿ ತಟ್ಟೆ ತೊಳೆಯುವುದು. ರಾತ್ರಿ ಪಾಳಿ ಮುಗಿಸಿ ಬೆಳಗ್ಗೆ ಎಂಟಕ್ಕೆ ಕ್ಲಾಸಿಗೆ ಹೋಗಿ ತೂಕಡಿಸಿದರೆ ಪರೀಕ್ಷೆ ಕೈಕೊಡುತ್ತದೆ. ಅಲ್ಲಿ ಬ್ಯಾಕ್‌ಲಾಗ್ ನಮ್ಮಲ್ಲಿದ್ದ ಹಾಗಲ್ಲ. ಒಂದು ಕಡ್ಡಾಯ ವಿಷಯದ ಪರೀಕ್ಷೆಯನ್ನು ಸಾಮಾನ್ಯವಾಗಿ ಮೂರೇ ಸಲ ಬರೆಯಬಹುದು. ಮೂರನೆಯದೂ ಹೋದರೆ ಹೆಸರು ತೆಗೆದುಹಾಕುತ್ತಾರೆ, ಆ ಕೋರ್ಸನ್ನು ಜರ್ಮನಿಯ ಬೇರೆ ಯೂನಿವರ್ಸಿಟಿಯಲ್ಲೂ ಮುಂದುವರಿಸಲು ಆಗದೇ ಹೋಗಬಹುದು. ಬಿ.ಇ.ಯಲ್ಲಿ ಏಳೆಂಟು ಸಲ ಬರೆದು ಪಾಸಾದವರಿಗೆ ಇದು ಹೋಗುವ ಮೊದಲೇ ಗೊತ್ತಿರಬೇಕು. ಎರಡು ವರ್ಷದ ಕೋರ್ಸು ಎರಡೂವರೆ, ಮೂರು ವರ್ಷ ಆಗುವುದು ಅಲ್ಲಿ ಮಾಮೂಲು. ನಾಚಿಕೆಯ ವಿಷಯ ಏನಲ್ಲ. ಆದರೆ ಖರ್ಚು ಏರುತ್ತದೆ.

ಒಳ್ಳೆಯ ಕೆಲಸಗಳೂ ಇವೆ. ಪ್ರೊಫೆಸರರ ಬಳಿ ಸಹಾಯಕರಾಗಿ ದುಡಿಯುವುದನ್ನು ‘ಹೀವಿ’ ಅನ್ನುತ್ತಾರೆ. ಅದು 140 ದಿನದ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಗಳಲ್ಲಿ ‘ವೆರ್ಕ್‌ಸ್ಟುಡೆಂಟ್’ ಎಂದು ವಾರಕ್ಕೆ 20 ಗಂಟೆ ತೆಗೆದುಕೊಳ್ಳುತ್ತಾರೆ. ಆದರೆ ಕಾರ್ಖಾನೆಯ ಕೆಲಸಕ್ಕೆ ಹೆಚ್ಚಿನವರು ಜರ್ಮನ್ ಕೇಳುತ್ತಾರೆ. ‘ಜರ್ಮನ್ ಬೇಕಿಲ್ಲ’ ಅನ್ನುವ ಮಾತು ಪ್ರವೇಶ ಪತ್ರದ ಮಟ್ಟಿಗೆ ಮಾತ್ರ ನಿಜ. ವಿಮಾನ ಇಳಿದ ಮೇಲೆ ಅದು ನಡೆಯುವುದಿಲ್ಲ. ಆ ದೇಶದ ಕಿಟೆಲ್ ಇಲ್ಲಿಗೆ ಬಂದು ಕನ್ನಡ ಕಲಿತು 1894ರಲ್ಲಿ ನಮಗೆ ನಿಘಂಟನ್ನೇ ಕೊಟ್ಟರು. ನಮ್ಮವರು ಅಲ್ಲಿ ಬಾಡಿಗೆ ಕರಾರು ಓದಿಕೊಳ್ಳುವಷ್ಟಾದರೂ ಕಲಿಯಬೇಕಲ್ಲ.

ಸಾಲದ ವಿಷಯ. 15 ಲಕ್ಷ ಸಾಲ, ಶೇಕಡ 11 ಬಡ್ಡಿ ಅಂದುಕೊಳ್ಳಿ. ಕೋರ್ಸು ಮುಗಿದು ಕಂತು ಶುರುವಾಗುವ ಹೊತ್ತಿಗೆ ಮೂರು ವರ್ಷ ಆಗಿದ್ದರೆ ಬಡ್ಡಿಯೇ ಸುಮಾರು ಐದು ಲಕ್ಷ. ಒಟ್ಟು 20 ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 27,500 ರೂಪಾಯಿ. ಅಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದರೆ ಇದು ದೊಡ್ಡ ಹೊರೆಯಲ್ಲ. ಸಿಗದೆ ವಾಪಸ್ ಬಂದು ಪೀಣ್ಯದಲ್ಲೇ ಸೇರಿದರೆ ಸಂಬಳವೆಲ್ಲ ಕಂತಿಗೇ. ಓದು ಮುಗಿದ ಮೇಲೆ ಕೆಲಸ ಹುಡುಕಲು ಜರ್ಮನಿ 18 ತಿಂಗಳು ಕೊಡುತ್ತದೆ, ಅದು ಒಳ್ಳೆಯ ಅವಕಾಶವೇ. ಆದರೆ ಅಲ್ಲಿನ ಕಾರು ಉದ್ಯಮ ಈಗ ಸೊರಗಿದೆ. ಫೋಕ್ಸ್‌ವ್ಯಾಗನ್ ಕಂಪನಿ 2030ರೊಳಗೆ 35 ಸಾವಿರಕ್ಕೂ ಜಾಸ್ತಿ ಉದ್ಯೋಗ ಕಡಿಮೆ ಮಾಡಲು 2024ರ ಡಿಸೆಂಬರಿನಲ್ಲಿ ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. ಬರಿ ‘ಆಟೊಮೋಟಿವ್’ ಎಂದು ಹೆಸರಿರುವ ಕೋರ್ಸಿಗಿಂತ ಉತ್ಪಾದನೆ, ಆಟೊಮೇಷನ್, ಮೆಟೀರಿಯಲ್ಸ್ ಕಡೆ ನೋಡುವುದು ಮೇಲು ಎಂದು ನನ್ನ ಅನಿಸಿಕೆ.

ತೋಟ

ಮಾರಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಈಗ ಮಾರಬೇಡಿ ಎಂದು ಮಾತ್ರ ಹೇಳುತ್ತೇನೆ. ಕೈಯಲ್ಲಿ ಪ್ರವೇಶ ಪತ್ರ ಇಲ್ಲದೆ, ಭಾಷೆ ಇಲ್ಲದೆ, ವೀಸಾ ಇಲ್ಲದೆ ಮಾರಿದ ತೋಟ ವಾಪಸ್ ಬರುವುದಿಲ್ಲ. ಗಡಿಬಿಡಿಯಲ್ಲಿ ಮಾರುವವರಿಗೆ ಸರಿಯಾದ ಬೆಲೆಯೂ ಬರುವುದಿಲ್ಲ, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಅಡ ಇಡಬಹುದಲ್ಲ ಅನ್ನುತ್ತೀರಿ. ಸಮಸ್ಯೆ ಏನೆಂದರೆ, ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಹೆಚ್ಚಿನ ಬ್ಯಾಂಕುಗಳು ಒಪ್ಪುವುದಿಲ್ಲ. ಕೋರ್ಟಿಗೆ ಹೋಗದೆಯೇ ಅಡ ಇಟ್ಟ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಸಾಲ ನಿಂತರೆ ಬ್ಯಾಂಕಿಗೆ ಅದನ್ನು ಸುಲಭವಾಗಿ ವಶಕ್ಕೆ ತೆಗೆದುಕೊಳ್ಳಲು ಆಗದು. ಅದಕ್ಕೇ ಈ ಹಿಂಜರಿಕೆ. ಹಳ್ಳಿಯಲ್ಲಿ ಮನೆ ಅಥವಾ ನಿವೇಶನ ಇದ್ದು, ಇ-ಸ್ವತ್ತು ಆಗಿದ್ದರೆ ಬ್ಯಾಂಕಿನಲ್ಲಿ ಅದನ್ನು ಕೇಳಿ ನೋಡಿ. ಆಗಿಲ್ಲದಿದ್ದರೆ ಈಗಲೇ ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ಹಾಕಿ, ಅದು ಒಂದೆರಡು ದಿನದಲ್ಲಿ ಆಗುವ ಕೆಲಸ ಅಲ್ಲ. ಅಡಮಾನ ಇಲ್ಲದೆ ಸಾಲ ಕೊಡುವ ಖಾಸಗಿ ಫೈನಾನ್ಸ್ ಕಂಪನಿಗಳಿವೆ. ಅವುಗಳ ಬಡ್ಡಿ ಜಾಸ್ತಿ, ಕೆಲವು ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಿ ಅನ್ನುತ್ತವೆ. ಅದನ್ನು ಇಲ್ಲಿಂದ ಕಟ್ಟುವವರು ನೀವು. ಕೊಬ್ಬರಿ ಬೆಲೆ ಬಿದ್ದ ವರ್ಷ ಅದನ್ನು ಹೇಗೆ ಕಟ್ಟುತ್ತೀರಿ ಎಂದು ಮೊದಲೇ ಯೋಚಿಸಿ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಇದೆ ಎಂದು ಏಜೆಂಟರು ಆಸೆ ತೋರಿಸುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ತೋಟದ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ ನಿಮಗೆ ಅದರಿಂದ ಏನೂ ಆಗಬೇಕಿಲ್ಲ.

ನೀವು ಜಾತಿ ಹೇಳಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಾದರೆ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯ ಬಗ್ಗೆ ವಿಚಾರಿಸಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಕೂಡ ಇದೆ. ಜರ್ಮನಿಗೆ ಹೋದಮೇಲೆ ‘ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ’ ಎಂಬುದು ತಿಂಗಳಿಗೆ 300 ಯೂರೋ ಕೊಡುತ್ತದೆ, ವಿದೇಶಿಯರೂ ಅರ್ಜಿ ಹಾಕಬಹುದು. ಸಿಕ್ಕರೆ ಸಂತೋಷ. ಸಿಗುತ್ತದೆ ಎಂದು ಲೆಕ್ಕಕ್ಕೆ ಸೇರಿಸಬೇಡಿ.

ನಾನಾಗಿದ್ದರೆ ಏನು ಮಾಡುತ್ತಿದ್ದೆ

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಆ ಖಾಸಗಿ ಸೀಟು. ಬೇಗ ಹೋಗಬಹುದು, ಇದೊಂದೇ ಲಾಭ. ಸ್ಕಾಲರ್‌ಶಿಪ್ ಕಳೆದರೂ ವರ್ಷಕ್ಕೆ 8,400 ಯೂರೋ, ಎರಡು ವರ್ಷಕ್ಕೆ 16.8 ಲಕ್ಷ. ಪ್ಯಾಕೇಜು ಸೇರಿಸಿ ಹದಿನೆಂಟೂವರೆ ಲಕ್ಷ. ಇದು ಬ್ಲಾಕ್ಡ್ ಅಕೌಂಟಿನ ಮೇಲೆ. ನಿಮ್ಮ ಹೆಂಡತಿಯವರ ಪ್ರಶ್ನೆಗೆ ಉತ್ತರ ಇಲ್ಲಿದೆ. ತೋಟ ಹೋಗುವುದು ಈ ಹದಿನೆಂಟೂವರೆ ಲಕ್ಷಕ್ಕೆ.

ಎರಡನೆಯದು ಒಂದು ವರ್ಷ ತಡ ಮಾಡಿ ಸರ್ಕಾರಿ ಯೂನಿವರ್ಸಿಟಿಗೆ ಪ್ರಯತ್ನಿಸುವುದು. ನನ್ನ ಮತ ಇದಕ್ಕೆ. ಮಗಳು ಕೆಲಸ ಬಿಡಬೇಕಿಲ್ಲ. ಈಗಲೇ ಎಪಿಎಸ್ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲಿ. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ದೆಹಲಿಯ ಕಚೇರಿಯೊಂದು ನೋಡಿ ಕೊಡುವ ಪತ್ರ ಅದು. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಗೆ ಕಡ್ಡಾಯ, ಶುಲ್ಕ 18 ಸಾವಿರ ರೂಪಾಯಿ. ಬರಲು ಎಷ್ಟು ವಾರ ಹಿಡಿಯುತ್ತದೆ ಎಂದು ಹೇಳಲಾಗದು, ಅದಕ್ಕೇ ಮೊದಲು ಅದು. ಆಮೇಲೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ, 6.5 ಬಂದರೆ ಹೆಚ್ಚಿನ ಕಡೆ ಸಾಕು. ಜೊತೆಗೆ ಜರ್ಮನ್. ಪೀಣ್ಯದಿಂದ ಮೆಜೆಸ್ಟಿಕ್‌ವರೆಗೆ ಹಸಿರು ಮೆಟ್ರೊ, ಅಲ್ಲಿಂದ ಇಂದಿರಾನಗರಕ್ಕೆ ನೇರಳೆ ಮೆಟ್ರೊ ಹಿಡಿದರೆ ಸಿಎಂಎಚ್ ರಸ್ತೆಯಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಇದೆ. ವಾರಾಂತ್ಯದಲ್ಲಿ, ಆನ್‌ಲೈನಿನಲ್ಲಿ ಕಲಿಯುವ ದಾರಿಗಳೂ ಇವೆ. ಹೋಗುವ ಹೊತ್ತಿಗೆ ಜರ್ಮನ್ ಕಲಿಕೆಯ ಮೂರನೇ ಹಂತವಾದ ಬಿ1 ಮುಗಿಸಿದ್ದರೆ ಮೊದಲ ಆರು ತಿಂಗಳ ಕಷ್ಟ ಅರ್ಧಕ್ಕೆ ಇಳಿಯುತ್ತದೆ.

ಅಕ್ಟೋಬರಿನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರೇ ಮುಖ್ಯ ಪ್ರವೇಶ. ಸಾಮಾನ್ಯ ಗಡುವು ಜುಲೈ 15 ಆದರೂ ವಿದೇಶಿಯರಿಗೆ ಬಹಳ ಕಡೆ ಮಾರ್ಚಿನಿಂದ ಮೇ ಒಳಗೇ ಮುಗಿದುಹೋಗುತ್ತದೆ. ಒಂದೊಂದು ಕೋರ್ಸಿನ ತಾರೀಖನ್ನೂ ಅದರದ್ದೇ ಪುಟದಲ್ಲಿ ನೋಡಿ ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅರ್ಜಿ ಹಾಕಲು ಏಜೆಂಟರು ಬೇಕಿಲ್ಲ. ಹಲವು ಯೂನಿವರ್ಸಿಟಿಗಳು ‘ಯೂನಿ-ಅಸಿಸ್ಟ್’ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ, ಮೊದಲನೆಯದಕ್ಕೆ 75 ಯೂರೋ, ಮುಂದಿನ ಪ್ರತಿಯೊಂದಕ್ಕೆ 30. ಏಳೆಂಟು ಅರ್ಜಿಗೆ 30 ಸಾವಿರ ರೂಪಾಯಿ ಆಸುಪಾಸು. 1.75 ಲಕ್ಷದ ಪ್ಯಾಕೇಜಿನ ಪಕ್ಕ ಇದನ್ನು ಇಟ್ಟು ನೋಡಿ.

ಪ್ರವೇಶ ಪತ್ರ ಬಂದ ಮೇಲೆ ಸಾಲ, ಬ್ಲಾಕ್ಡ್ ಅಕೌಂಟ್, ವೀಸಾ. ಕರ್ನಾಟಕ, ಕೇರಳ ಎರಡಕ್ಕೂ ಜರ್ಮನ್ ದೂತಾವಾಸ ಬೆಂಗಳೂರಿನಲ್ಲೇ ಇದೆ. ಹೊರಡುವ ಹೊತ್ತಿಗೆ ಕೈಯಲ್ಲಿ ಸುಮಾರು 15 ಲಕ್ಷ ಇರಬೇಕು. 12 ಲಕ್ಷ ಅಕೌಂಟಿಗೆ, ಉಳಿದದ್ದು ಟಿಕೆಟ್ಟು, ವೀಸಾ, ಮನೆಯ ಮುಂಗಡ, ದಪ್ಪ ಜಾಕೆಟ್ಟಿಗೆ. ಈ ಒಂದು ವರ್ಷದಲ್ಲಿ ಮಗಳು ಒಂದು ಲಕ್ಷ ಉಳಿಸಿದರೂ ಸಾಲ ಅಷ್ಟು ಕಡಿಮೆ.

ಈ ದಾರಿಯಲ್ಲೂ ಅಪಾಯ ಇದೆ. ಎಲ್ಲ ಕಡೆಯಿಂದಲೂ ‘ಇಲ್ಲ’ ಎಂದು ಬರಬಹುದು. ಸೀಟು ಸಿಕ್ಕರೂ ವೀಸಾ ತಡವಾಗಿ ತರಗತಿ ಶುರುವಾದ ಮೇಲೆ ತಲುಪಬಹುದು. ಹಾಸ್ಟೆಲ್ ರೂಮಿಗೆ ಅರ್ಧ ವರ್ಷ ಕಾಯಬೇಕಾಗಬಹುದು. ಆದರೆ ಸೋತರೆ ಹೋಗುವುದು ಅರ್ಜಿ, ಪರೀಕ್ಷೆ, ಭಾಷೆ ಕಲಿಕೆಯ ಖರ್ಚು ಮಾತ್ರ. ಕಲಿತ ಭಾಷೆ ಕೈಯಲ್ಲೇ ಉಳಿಯುತ್ತದೆ. ಬೆಂಗಳೂರಿನಲ್ಲಿರುವ ಜರ್ಮನ್ ಕಂಪನಿಗಳಿಗೂ ಜರ್ಮನ್ ಬಲ್ಲ ಎಂಜಿನಿಯರ್ ಬೇಕು.

ಮೂರನೆಯದು ಹೋಗದೇ ಇರುವುದು. ಗೇಟ್ ಬರೆದು ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ, ಸಾಲವೂ ಇಲ್ಲ. ಇದನ್ನು ಮಗಳ ಮೇಲೆ ಹೇರಬೇಡಿ. ಆದರೆ ಅವಳು ನಿಜಕ್ಕೂ ಓದಲು ಹೋಗುತ್ತಿದ್ದಾಳೋ, ಪೀಣ್ಯದ 22 ಸಾವಿರದಿಂದ ತಪ್ಪಿಸಿಕೊಳ್ಳಲು ಹೋಗುತ್ತಿದ್ದಾಳೋ ಎಂದು ಒಮ್ಮೆ ಕೂತು ಮಾತಾಡಿ. ಎರಡನೆಯದೂ ತಪ್ಪೇನಲ್ಲ. ಆದರೆ ಆ ಉತ್ತರದ ಮೇಲೆ ಯಾವ ಕೋರ್ಸು, ಎಷ್ಟು ಸಾಲ ಅನ್ನುವುದೆಲ್ಲ ಬದಲಾಗುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ತಾಯಿಯ ಮನಸ್ಸಿನಲ್ಲಿ ಇರುವ ಚಿಂತೆ ನನಗೆ ಗೊತ್ತು. ಹೆಣ್ಣುಮಗಳು, ಒಬ್ಬಳೇ, ಚಳಿ ದೇಶ. ಈಗ ಜರ್ಮನಿಯಲ್ಲಿ ಭಾರತೀಯ ವಿದ್ಯಾರ್ಥಿಗಳೇ ವಿದೇಶಿಯರಲ್ಲಿ ಮೊದಲ ಸ್ಥಾನದಲ್ಲಿದ್ದಾರೆ. 2023-24ರ ಚಳಿಗಾಲದ ಸೆಮಿಸ್ಟರಿನಲ್ಲೇ 49 ಸಾವಿರ ದಾಟಿದ್ದರು. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇದೆ, ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ ಇದೆ. ಕಷ್ಟ ಅಂದರೆ ಡಿಸೆಂಬರ್. ಸಂಜೆ ನಾಲ್ಕೂವರೆಗೆಲ್ಲ ಕತ್ತಲು, ರೂಮಿನಲ್ಲಿ ಒಬ್ಬಳೇ. ಮೊದಲ ಚಳಿಗಾಲದಲ್ಲಿ ದಿನಾ ಒಂದು ಫೋನು ಮಾಡಿ. ‘ಕೆಲಸ ಸಿಕ್ತಾ?’ ಎಂದು ದಿನಾ ಕೇಳಬೇಡಿ.

ಆ 50 ಸಾವಿರ ಇನ್ನೂ ಕಟ್ಟಿಲ್ಲ ತಾನೇ? ಕಟ್ಟಬೇಡಿ. ಮಗಳ ಮೂಲ ಅಂಕಪಟ್ಟಿಗಳನ್ನು ‘ಪ್ರೊಸೆಸಿಂಗ್‌ಗೆ’ ಎಂದು ಅವರ ಕಚೇರಿಯಲ್ಲಿ ಬಿಟ್ಟುಬಂದಿದ್ದರೆ ಈ ವಾರವೇ ಹೋಗಿ ತನ್ನಿ. ಕೊಡಲು ಸತಾಯಿಸಿದರೆ ಲಿಖಿತವಾಗಿ ಕೇಳಿ. ಎಪಿಎಸ್‌ಗೂ ವೀಸಾಗೂ ಅವು ನಿಮ್ಮ ಕೈಯಲ್ಲಿ ಇರಬೇಕು.